‘ಸುಲಭ’ ಎಂದು ಹೆಸರಿಟ್ಟ ಹಿಮದ ನಾಳ

ಚಿಕ್ಕೋಡಿ

ಹೊಸಬರಿಗೆ ಹಿಮದ ಏರು ಕಲಿಸುತ್ತೇನೆಂದು ನಮ್ಮನ್ನು ಸ್ಕಾಟ್ಲೆಂಡಿಗೆ ಕರೆದುಕೊಂಡು ಹೋದ ಅಜಿತ್ ದಾದಾನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಪರದೇಶಕ್ಕೆ ಹೋಗಿ ಬಂದವರು ಅಲ್ಲಿಯ ಸರೋವರ, ಕೋಟೆ, ಕುರಿಹಿಂಡುಗಳ ಬಗ್ಗೆ ಬರೆಯುತ್ತಾರೆ. ಅವೆಲ್ಲ ಇದ್ದವು, ಚೆನ್ನಾಗಿಯೇ ಇದ್ದವು. ಆದರೆ ‘ಸುಲಭ’ ಎಂಬ ಒಂದು ಪದವನ್ನು ನಂಬಿ ನಾವು ನಾಲ್ವರು ಎಲ್ಲಿ ಹೋಗಿ ನಿಂತಿದ್ದೆವು ಅನ್ನುವುದನ್ನು ಹೇಳದೆ ನನಗೆ ಉಳಿದದ್ದು ಹೇಳಲು ಆಗುವುದಿಲ್ಲ.

ನಾನು ರಜಿಯಾ. ಚಿಕ್ಕೋಡಿಯ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ರಜೆ ಸಿಕ್ಕರೆ ಕೊಲ್ಹಾಪುರದಾಚೆಗೆ ಹೋಗಿ ಸಹ್ಯಾದ್ರಿಯ ಕೋಟೆ ಹತ್ತುವ ಹುಚ್ಚು. ಆ ಹುಚ್ಚಿಗೆ ಜೊತೆಯಾದವಳು ಕರೋಶಿಯ ಮಹಾದೇವಿ. ಅವಳು ಕೊಲ್ಹಾಪುರದ ಬಸ್ಸಿನಲ್ಲಿ ಕಂಡಕ್ಟರ್. ತುಂಬಿದ ಬಸ್ಸಿನ ಹಿಂದಿನ ಬಾಗಿಲಲ್ಲಿ ನಿಂತು ಒಂದು ಕೂಗು ಹಾಕಿದರೆ ಡ್ರೈವರಷ್ಟೇ ಅಲ್ಲ, ಎದುರಿನಿಂದ ಬರುವ ಟ್ರ್ಯಾಕ್ಟರಿನವನೂ ಬ್ರೇಕ್ ಒತ್ತುತ್ತಾನೆ. ಮೂರನೆಯವನು ಬಸು. ರಾಯಬಾಗದಲ್ಲಿ ಔಷಧಿ ಅಂಗಡಿ ಇಟ್ಟುಕೊಂಡವನು, ದಪ್ಪ ದೇಹದ, ಯಾರಿಗೂ ಇಲ್ಲವೆನ್ನಲಾಗದ ಮನುಷ್ಯ. ನಮ್ಮೆಲ್ಲರ ನಾಯಕ ನಿಪ್ಪಾಣಿಯ ಅಜಿತ್ ದಾದಾ. ಚಾರಣ ಏರ್ಪಡಿಸುವುದೇ ಅವನ ಉದ್ಯೋಗ.

ಎರಡು ಬಂಡೆಗೋಡೆಗಳ ನಡುವೆ ನೀರು ಕೊರೆದುಕೊಂಡು ಇಳಿದ ಕಡಿದಾದ ಓಣಿಗೆ ನಮ್ಮ ಕಡೆಯ ಚಾರಣಿಗರು ಮರಾಠಿಯ ‘ನಾಳ’ ಎಂಬ ಪದವನ್ನೇ ಬಳಸುತ್ತಾರೆ. ಕೋಟೆಗಳನ್ನು ನಾವು ಇಂಥ ನಾಳಗಳಿಂದಲೇ ಹತ್ತಿದ್ದು. ಚಳಿಗಾಲದಲ್ಲಿ ಸ್ಕಾಟ್ಲೆಂಡಿನ ನಾಳಗಳಲ್ಲಿ ಹಿಮ ತುಂಬಿ ಗಟ್ಟಿಯಾಗುತ್ತದಂತೆ, ಬೂಟಿಗೆ ಉಕ್ಕಿನ ಮುಳ್ಳು ಕಟ್ಟಿಕೊಂಡು ಮೆಟ್ಟಿಲು ಹತ್ತಿದ ಹಾಗೆ ಹತ್ತಬಹುದಂತೆ. ಇದನ್ನು ನಮಗೆ ಹೇಳಿದವನು ಅಜಿತ್ ದಾದಾ, ಚಿಕ್ಕೋಡಿ ಬಸ್‌ಸ್ಟ್ಯಾಂಡಿನ ಎದುರು ಚಹಾ ಕುಡಿಯುತ್ತ. ಫೋನಿನಲ್ಲಿ ಒಂದು ಫೋಟೋ ತೋರಿಸಿದ. ಕಪ್ಪು ಬಂಡೆಗಳ ನಡುವೆ ಎಳೆದ ಬಿಳಿ ಪಟ್ಟಿ.

“ನೋಡ್ರಿ ಮ್ಯಾಡಮ್, ಗ್ರೇಡ್ ಒನ್. ಅಲ್ಲಿಯವ್ರ ಲೆಕ್ಕದಾಗ ಇದಕ್ಕಿಂತ ಸುಲಭ ಇಲ್ಲ. ಅಲ್ಲಿ ಸಾಲಿ ಹುಡುಗ್ರು ಏರತಾರ.”

“ಅಷ್ಟು ನಾಳ ಅದಾವ ಅಂತೀರಿ. ಇದನ್ನ ಯಾಕ ಆರಿಸಿದ್ರಿ ದಾದಾ?”

“ಫೋಟೋ ಭಾರಿ ಬರತೈತ್ರಿ,” ಅಂದ.

ನಾವು ನಕ್ಕೆವು. ಅವನು ತಮಾಷೆ ಮಾಡುತ್ತಿಲ್ಲ ಎಂದು ತಿಳಿಯಲು ನಾನು ಏಳು ಸಮುದ್ರ ದಾಟಬೇಕಾಯಿತು. ಮನೆಯಲ್ಲಿ ಅಮ್ಮಿ ಮಾತ್ರ ಸೂಟ್‌ಕೇಸಿನ ಪಕ್ಕ ಕೂತು, “ಏರಾಕ ನಮ್ಮ ಕಡೆ ಗುಡ್ಡ ತೀರಿ ಹೋದವೇನ?” ಎಂದು ಕೇಳಿದಳು.

ಏವಿಮೋರ್

ಏವಿಮೋರ್ ಗುಡ್ಡಗಳ ಕೆಳಗಿನ ಸಣ್ಣ ಊರು. ನಮ್ಮ ಕಾಗವಾಡಕ್ಕಿಂತ ಸಣ್ಣದು. ಆದರೆ ಬೀದಿಯ ಅಂಗಡಿಗಳಲ್ಲಿ ಅರ್ಧಕ್ಕರ್ಧ ಬೂಟು, ಹಗ್ಗ, ಕೊಡಲಿ ಮಾರುವವು. ಮಧ್ಯಾಹ್ನವಾಯಿತು ಅನ್ನುವಷ್ಟರಲ್ಲಿ ಸಂಜೆಯಾಗುತ್ತದೆ. ಜನ ಒಬ್ಬರಿಗೊಬ್ಬರು ತಾಗದೆಯೂ ‘ಸಾರಿ’ ಅನ್ನುತ್ತಾರೆ. ಮೊದಲ ದಿನವೇ ಮಹಾದೇವಿಗೆ ಇದರಿಂದ ಕಿರಿಕಿರಿಯಾಯಿತು. “ಇವರ್ನ ನಮ್ಮ ಬಸ್ಸಿಗೆ ಹತ್ತಿಸಿದ್ರ ಸಾರಿ ಅನ್ನೂದ್ರಾಗ ನಿಪ್ಪಾಣಿ ದಾಟಿ ಹೋಗಿರ್ತೈತಿ.”

ಇನ್ನೊಂದು ಅಭ್ಯಾಸ ನಮಗೆ ತಿಳಿಯಲು ತಡವಾಯಿತು. ಅವರು ‘ಬೇಡ’ ಎಂದು ನೇರವಾಗಿ ಹೇಳುವುದಿಲ್ಲ. ನಾವು ಇಳಿದುಕೊಂಡ ಮನೆಯ ಅಜ್ಜಿ ಮೂರನೆಯ ಸಲ ಚಹಾ ಬೇಕೇ ಎಂದು ಕೇಳಿದಾಗ ಬಸು ಹೂಂ ಅಂದ. ಅಜ್ಜಿ, “ಅದು ಬಹಳ ಒಳ್ಳೆಯ ಯೋಚನೆ, ಆದರೆ ಪಾತ್ರೆಗಳಿಗೂ ನಿದ್ದೆ ಬರುತ್ತಿರಬಹುದು,” ಅಂದಳು. ನಾನು ಅನುವಾದಿಸಿದೆ. ಬಸು ಕಪ್ಪು ಹಿಡಿದುಕೊಂಡು ಕಾಯುತ್ತಲೇ ಕೂತ. ಕೊನೆಗೆ ದೀಪ ಆರಿತು.

ಬೂಟಿನ ಅಂಗಡಿಯವನು ಮಾತ್ರ ಸ್ವಲ್ಪ ಖಡಕ್. ಅಜಿತ್ ದಾದಾನ ಹಳೆಯ ಬೂಟನ್ನು ಕೈಗೆ ತೆಗೆದುಕೊಂಡು ರೊಟ್ಟಿಯ ಹಾಗೆ ಮಡಚಿ ತೋರಿಸಿದ. ಇಷ್ಟು ಬಾಗುವ ಬೂಟಿಗೆ ಕ್ರಾಂಪಾನ್ ಕಟ್ಟಿದರೆ ನಡುದಾರಿಯಲ್ಲಿ ಕಳಚಿಕೊಳ್ಳುತ್ತದೆ ಅಂದ. ಕ್ರಾಂಪಾನ್ ಅಂದರೆ ಬೂಟಿನ ತಳಕ್ಕೆ ಕಟ್ಟುವ ಆ ಉಕ್ಕಿನ ಮುಳ್ಳುಗಳು. “ಈ ಬೂಟು ಸಹ್ಯಾದ್ರಿ ಪೂರಾ ಏರೇತಿ ಅಂತ ಹೇಳ್ರಿ ಅವಂಗ,” ಎಂದ ದಾದಾ ನನಗೆ. ಹೇಳಿದೆ. ಅಂಗಡಿಯವನು ಗೌರವದಿಂದ ಬೂಟನ್ನು ಅವನ ಕೈಗೇ ವಾಪಸು ಕೊಟ್ಟು, ಮರದ ಹಲಗೆಯಂಥ ತಳದ ಬೇರೆ ಬೂಟು ತಂದಿಟ್ಟ. ನಾವೆಲ್ಲ ಅದನ್ನೇ ಹಾಕಿಕೊಂಡೆವು. ದಾದಾನ ಮುಖ ಆಗಲೇ ಸ್ವಲ್ಪ ಕಪ್ಪಾಗಿತ್ತು. ಅವನಿಗೆ ಯಾರೂ ಏನೂ ಕಲಿಸಬಾರದು.

ಮೊದಲ ಪಾಠ

ನಮಗೆ ಗೊತ್ತುಮಾಡಿದ್ದ ಮಾರ್ಗದರ್ಶಿ ಅಲ್ಲಿಯವಳೇ. ಅವಳ ಹೆಸರನ್ನು ಓದಿಕೊಂಡು ನಾನು ‘ಈಲಿಧ್’ ಎಂದು ಕರೆದೆ. ಅದು ‘ಐಲಿ’ಯಂತೆ. ಇಂಗ್ಲಿಷ್ ಟೀಚರಿಗೆ ಆದ ಮುಖಭಂಗವನ್ನು ಮಹಾದೇವಿ ದಿನವಿಡೀ ಸಂಭ್ರಮಿಸಿದಳು.

ಐಲಿ ನಮ್ಮನ್ನು ಗುಡ್ಡದ ಬುಡದ ಒಂದು ಇಳಿಜಾರಿಗೆ ಕರೆದುಕೊಂಡು ಹೋಗಿ ಮೊದಲು ಜಾರಿಸಿದಳು. ಬೆನ್ನ ಮೇಲೆ, ಹೊಟ್ಟೆಯ ಮೇಲೆ, ತಲೆ ಕೆಳಗಾಗಿ. ಜಾರುತ್ತಲೇ ಹೊರಳಿ, ಸಣ್ಣ ಕೊಡಲಿಯ ಮೊನೆಯನ್ನು ಹಿಮಕ್ಕೆ ಒತ್ತಿ ನಿಲ್ಲಬೇಕು. ಬಸು ಕಬ್ಬಿನ ಟ್ರಾಲಿಯ ಹಾಗೆ ಕೆಳಗೆ ಹೋದ, ಮತ್ತೆ ಏರಿ ಬಂದ, ಮತ್ತೆ ಹೋದ. ನಾಲ್ಕೈದು ಸಲದಲ್ಲಿ ಎಲ್ಲರಿಗಿಂತ ಚೆನ್ನಾಗಿ ನಿಲ್ಲುವುದನ್ನು ಕಲಿತ. ಅಜಿತ್ ದಾದಾ ಜಾರಲಿಲ್ಲ. ವಿಡಿಯೋ ತೆಗೆಯುತ್ತಿದ್ದ.

ಹಸಿವಾದಾಗ ಮಹಾದೇವಿ ಊರಿನಿಂದ ತಂದಿದ್ದ ಭಡಂಗದ ಪೊಟ್ಟಣ ಒಡೆದಳು. ಗಾಳಿ ಒಮ್ಮೆಲೇ ಬೀಸಿತು. ಬೆಳ್ಳುಳ್ಳಿ, ಶೇಂಗಾ, ಕೆಂಪು ಖಾರದ ಚುರುಮುರಿ ಎಲ್ಲ ಹಿಮದ ಮೇಲೆ ಹಾರಿಹೋಯಿತು. ಐಲಿ ನಗಲಿಲ್ಲ. ಒಂದೊಂದು ಕಾಳನ್ನೂ ಆರಿಸಿ ಎಂದಳು. ಪರದೇಶದ ಗುಡ್ಡದಲ್ಲಿ ಕುಕ್ಕರುಗಾಲಲ್ಲಿ ಕೂತು ಚುರುಮುರಿ ಆರಿಸುವಾಗ ನನಗೆ ಬಂದ ಸಿಟ್ಟು ಹೇಳತೀರದು. ಆದರೆ ಆರಿಸುತ್ತ ಹೋದಂತೆ ಒಂದು ಸಂಗತಿ ಕಣ್ಣಿಗೆ ಬಿತ್ತು. ಗಾಳಿ ಬಡಿಯುವ ಬಯಲಿನಲ್ಲಿ ಕಾಳುಗಳಿರಲಿಲ್ಲ. ಒಂದು ಬಂಡೆಯ ಮರೆಯಲ್ಲಿ, ಗಾಳಿ ತಾಗದ ಕಡೆ ಅಷ್ಟೂ ಗುಡ್ಡೆಯಾಗಿ ಕೂತಿದ್ದವು.

“ನೋಡಿದಿರಾ?” ಅಂದಳು ಐಲಿ. “ಹಿಮವೂ ಹೀಗೆಯೇ. ಗಾಳಿ ಒಂದು ಕಡೆಯಿಂದ ಹೊತ್ತು ತಂದು ಇನ್ನೊಂದು ಕಡೆಯ ಮರೆಯಲ್ಲಿ ಸುರಿಯುತ್ತದೆ. ಅಲ್ಲಿ ಅದು ಕೂತಿರುತ್ತದೆ ಅಷ್ಟೆ, ಅಂಟಿಕೊಂಡಿರುವುದಿಲ್ಲ.”

ನಾನು ಹೇಳಿದ ಕೂಡಲೇ ಮಹಾದೇವಿಗೆ ಅರ್ಥವಾಯಿತು. “ಕಣದಾಗ ತೂರಿದ್ರ ಹೊಟ್ಟು ಹೋಗಿ ಬೀಳ್ತೈತಲ್ಲ, ಹಂಗ. ಹೊಟ್ಟಿನ ಗುಡ್ಡಿ ಮ್ಯಾಲ ಕಾಲಿಟ್ರ ಕುಸೀತೈತಿ.”

ಆ ದಿನಗಳಲ್ಲಿ ಗಾಳಿ ನೈರುತ್ಯದಿಂದ ಬೀಸುತ್ತಿತ್ತು. ಫೋಟೋದ ನಾಳ ಈಶಾನ್ಯಕ್ಕೆ ಮುಖ ಮಾಡಿತ್ತು. ಅಂದರೆ ಗುಡ್ಡದ ಬೆನ್ನಿನ ಹಿಮವೆಲ್ಲ ಹೋಗಿ ತುಂಬುತ್ತಿದ್ದುದು ಅದರೊಳಗೇ. ಅದರ ತುದಿಯಲ್ಲಿ ಗಾಳಿ ಕಟ್ಟಿದ ಹಿಮದ ಸೂರು ಹೊರಕ್ಕೆ ಚಾಚಿಕೊಂಡಿದೆ, ನಾಳೆ ಅಲ್ಲಿಗೆ ಹೋಗುವುದಿಲ್ಲ ಎಂದು ಐಲಿ ಖಂಡಿತವಾಗಿ ಹೇಳಿದಳು. ಗ್ರೇಡ್ ಹೇಳುವುದು ಹಿಮ ಗಟ್ಟಿಯಿದ್ದಾಗ ಏರು ಎಷ್ಟು ಕಡಿದು ಅನ್ನುವುದನ್ನು ಮಾತ್ರ. ನಾಳೆ ಅದು ನಿಮ್ಮ ತಲೆಯ ಮೇಲೆ ಬೀಳುತ್ತದೋ ಇಲ್ಲವೋ ಅನ್ನುವುದನ್ನು ಗ್ರೇಡ್ ಹೇಳುವುದಿಲ್ಲ ಅಂದಳು.

“ಈಶಾನ್ಯ ಅಂದ್ರ ದೇವಮೂಲಿರಿ,” ಎಂದ ದಾದಾ ನಗುತ್ತ. “ನಮ್ಮಲ್ಲಿ ದೇವರ ಮನಿ ಅಲ್ಲೇ ಕಟ್ತೀವಿ ಅಂತ ಹೇಳ್ರಿ ಈಕಿಗೆ.”

ಅದನ್ನು ನಾನು ಅನುವಾದಿಸಲಿಲ್ಲ.

ಸಂಜೆ ಅವನು ಐಲಿಯ ಜೊತೆ ಮಾತಾಡಿ ಬರುತ್ತೇನೆ, ಅದಕ್ಕೆ ನನ್ನ ಹರಕು ಇಂಗ್ಲಿಷೇ ಸಾಕು ಎಂದು ಒಬ್ಬನೇ ಹೊರಗೆ ಹೋದ. ಬಂದವನು ಕೈ ಉಜ್ಜಿಕೊಳ್ಳುತ್ತ, “ಆತು, ಒಪ್ಪಿದ್ಳು. ಹೊಸಾ ಹವಾಮಾನ ವರದಿ ಚಲೋ ಬಂದೈತಂತ. ಮುಂಜಾನೆ ನಾವು ಮುಂದ ಹೋಗೂದು, ಆಕಿ ಹಿಂದಿಂದ ಬರತಾಳ,” ಅಂದ. ನಾವು ನಂಬಿದೆವು. ಯಾಕೆ ನಂಬಬಾರದು? ಎಷ್ಟು ಕೋಟೆ ಹತ್ತಿದ್ದೆವು ಅವನ ಹಿಂದೆ.

ನಾಳದ ಕೆಳಗೆ

ಆ ಕಣಿವೆಯನ್ನು ನೋಡಿದಾಗ ನನಗೆ ದಾದಾನ ಫೋಟೋ ಎಷ್ಟು ಬಡವಾಗಿತ್ತು ಅನ್ನಿಸಿತು. ಬಟ್ಟಲಿನಂಥ ಕಣಿವೆ, ಸುತ್ತ ಕಪ್ಪು ಬಂಡೆಯ ಗೋಡೆ, ಅದರಲ್ಲಿ ಅಲ್ಲಲ್ಲಿ ಬಿಳಿಯ ನಾಳಗಳು. ಕೆಳಗೆ ಹೆಪ್ಪುಗಟ್ಟಿದ ಸಣ್ಣ ಕೆರೆಗಳು. ಬೂಟಿನ ಸಪ್ಪಳ ಬಿಟ್ಟರೆ ಸದ್ದೇ ಇಲ್ಲ. ಸುಬಾನಲ್ಲಾ ಎಂದು ನನ್ನ ಬಾಯಿಂದ ತಾನಾಗಿ ಬಂತು.

ನಮ್ಮ ನಾಳದ ಬುಡದಿಂದ ಇಬ್ಬರು ಹಿಂದಿರುಗಿ ಬರುತ್ತಿದ್ದರು. ನಮ್ಮೂರಲ್ಲಾದರೆ ಮೊಮ್ಮಕ್ಕಳ ಮದುವೆ ಮಾತಾಡುವ ವಯಸ್ಸಿನ ಗಂಡ ಹೆಂಡತಿ. ಇಬ್ಬರ ಬೆನ್ನಿಗೂ ಹಗ್ಗ, ಸಲಿಕೆ. ಹೆಂಡತಿ ನಮ್ಮನ್ನು ನೋಡಿ ನಿಂತಳು.

“ಚೆಂದದ ಬೆಳಗು,” ಅಂದಳು. “ನಾವು ಇವತ್ತು ಬಿಟ್ಟೆವು. ನೀವು ಬೇಕಾದರೆ ನೋಡಬಹುದು. ನಾವಾಗಿದ್ದರೆ ಬಹುಶಃ ಹೋಗುತ್ತಿರಲಿಲ್ಲ.”

ಪಾತ್ರೆಗಳಿಗೂ ನಿದ್ದೆ ಬರುತ್ತದೆ ಎಂದ ಅಜ್ಜಿ ನನಗೆ ನೆನಪಾದಳು. ಈ ಹೆಂಗಸು ತನ್ನ ಭಾಷೆಯಲ್ಲಿ ಕಿರುಚುತ್ತಿದ್ದಾಳೆ ಅನ್ನಿಸಿತು. ನಮ್ಮ ಮಾರ್ಗದರ್ಶಿ ಹಿಂದೆ ಬರುತ್ತಿದ್ದಾಳೆ, ಅವಳು ನೋಡಿ ಹೇಳುತ್ತಾಳೆ ಅಂದೆ. ಹೆಸರು ಕೇಳಿದಳು. ಹೇಳಿದೆ.

“ಐಲಿಯೇ? ಬೆಳಿಗ್ಗೆ ಕಾರು ನಿಲ್ಲಿಸುವಲ್ಲಿ ಸಿಕ್ಕಿದ್ದಳಲ್ಲ. ಇವತ್ತು ನಿಮ್ಮವರು ರಜೆ ಕೇಳಿದ್ದಾರೆ, ಊರು ನೋಡುತ್ತಾರಂತೆ ಎಂದಳು. ಬೇರೆ ಯಾರನ್ನೋ ಕರೆದುಕೊಂಡು ಆ ಕಡೆಯ ಗುಡ್ಡಕ್ಕೆ ಹೋದಳು.”

ನಾನು ಇದನ್ನು ಕನ್ನಡದಲ್ಲಿ ಎಲ್ಲರಿಗೂ ಹೇಳಿದೆ. ಅಜಿತ್ ದಾದಾ ಆಗಲೇ ತನ್ನ ಸೊಂಟಪಟ್ಟಿಗೂ ಬಸುವಿನ ಸೊಂಟಪಟ್ಟಿಗೂ ಹಗ್ಗ ಸಿಕ್ಕಿಸಿದ್ದ.

“ಸುಳ್ಳ ಹೇಳಿದ್ರಿ ದಾದಾ?” ಅಂದೆ.

“ಅರೇ, ಅದರಾಗೇನೈತ್ರಿ? ಆಕಿದು ಅಂಜುಬುರುಕ ಸ್ವಭಾವ. ನಮ್ಮವರ ತಾಕತ್ತು ಆಕಿಗೇನು ಗೊತ್ತು? ನಾನ್ ಜಬಾಬ್ದಾರಿ ತಗೊಂಡೇನಲ್ಲ.”

“ಜಬಾಬ್ದಾರಿ?” ಮಹಾದೇವಿಯ ದನಿ ಆ ಬಂಡೆಗಳಿಗೆ ಬಡಿದು ವಾಪಸು ಬಂತು. “ಸತ್ರ ಜಬಾಬ್ದಾರಿ ಹೆಂಗ ತಗೋತೀರಿ? ನಮ್ಮವ್ವನ ಮುಂದ ಬಂದು ನಿಂದರ್ತೀರಿ? ಬಸ್ಸಿನ್ಯಾಗ ಬ್ರೇಕ್ ಇಲ್ಲಂತ ಗೊತ್ತಾದ್ರ ಡ್ರೈವರ್ ಗಾಡಿ ಬಿಡಂಗಿಲ್ರಿ. ನೀವು ಬ್ರೇಕ್ ಅದಾವ ಅಂತ ನಮ್ಮುನ್ನ ಹತ್ತಿಸ್ಕೊಂಡೀರಿ!”

“ಇಷ್ಟ ದೂರ ಬಂದು ಬುಡದಿಂದ ವಾಪಸ್ ಹೋದ್ರ ನಿಪ್ಪಾಣಿಯೊಳಗ ಮಂದಿ ನಗತಾರ. ಅಂಜಿಕಿ ಇದ್ದವ್ರು ಇಳೀರಿ. ಚಲಾ ಬಸು.”

ಬಸು ನನ್ನ ಕಡೆ ನೋಡಿದ, ಅವನ ಕಡೆ ನೋಡಿದ. ಔಷಧಿ ಅಂಗಡಿಯಲ್ಲಿ ಬೇಡದ ಮಾತ್ರೆ ಕೊಡೆಂದು ಹಟ ಹಿಡಿದ ಗಿರಾಕಿಯ ಮುಂದೆಯೂ ಅವನು ಹೀಗೆಯೇ ನಿಲ್ಲುತ್ತಾನೆ. ನಾನು ಹತ್ತಿರ ಹೋದೆ.

“ಬಸು, ನಿನ್ನ ಮನಸಿಗೆ ಹೋಗಬೇಕು ಅನಸೇತೇನು?”

“ಇಲ್ರಿ ಟೀಚರ್,” ಅಂದ ತಗ್ಗಿದ ದನಿಯಲ್ಲಿ. “ಆದ್ರ ದಾದಾ ಏನ್ ತಿಳ್ಕೊಂಡಾರು?”

ನಾನು ಕೈಗವಸು ಕಿತ್ತು, ಅವನ ಸೊಂಟದ ಕೊಂಡಿ ತೆರೆದು ಹಗ್ಗ ಬಿಡಿಸಿದೆ. ಉಕ್ಕು ಬೆರಳಿಗೆ ಅಂಟಿಕೊಳ್ಳುವಷ್ಟು ತಣ್ಣಗಿತ್ತು. ಹಗ್ಗದ ತುದಿಯನ್ನು ದಾದಾನ ಕಾಲ ಬಳಿ ಎಸೆದೆ. ಅವನು ಹಗ್ಗ ಸುತ್ತಿ ಹೆಗಲಿಗೆ ಹಾಕಿಕೊಂಡು, ಕ್ಯಾಮೆರಾವನ್ನು ಹೆಲ್ಮೆಟ್ಟಿಗೆ ಸಿಕ್ಕಿಸಿ ಒಬ್ಬನೇ ಏರತೊಡಗಿದ. ಆ ಮುದಿ ದಂಪತಿ ನಮ್ಮನ್ನು ಕೈಹಿಡಿದು ಎಳೆಯುವಂತೆ ನಾಳದ ಬಾಯಿಯಿಂದ ದೂರ, ಒಂದು ದೊಡ್ಡ ಬಂಡೆಯ ಬದಿಗೆ ಕರೆದುಕೊಂಡು ಹೋದರು.

ಅವನು ಚೆನ್ನಾಗಿ ಏರುತ್ತಿದ್ದ. ಅದನ್ನು ಇಲ್ಲವೆನ್ನುವುದಿಲ್ಲ. ಮೇಲೆ ಸೂರಿನ ಹತ್ತಿರ ಹೋಗುವಾಗ ಒಂದು ಶಬ್ದ ಬಂತು. ಸಿಡಿಲಿನಂಥದ್ದಲ್ಲ. ದೂರದಲ್ಲಿ ಯಾರೋ ದಪ್ಪ ಬಟ್ಟೆ ಹರಿದ ಹಾಗೆ. ನಾಳದ ಅಡ್ಡಕ್ಕೆ ಒಂದು ಗೆರೆ ಮೂಡಿತು. ಗೆರೆಯ ಕೆಳಗಿನ ಹಿಮವೆಲ್ಲ, ಅವನನ್ನೂ ಸೇರಿಸಿಕೊಂಡು, ಕೆಳಗೆ ಬರತೊಡಗಿತು. ಬಸು ಹಗ್ಗ ಕಟ್ಟಿಕೊಂಡು ನಿಂತಿದ್ದ ಜಾಗದ ಮೇಲೆ, ನಾವು ಜಗಳವಾಡಿದ್ದ ಜಾಗದ ಮೇಲೆ ಅದು ಹರಿದುಹೋಯಿತು. ಆಮೇಲೆ ಅಲ್ಲಿ ಬಿಳಿಯ ಹೆಂಟೆಗಳಷ್ಟೇ ಇದ್ದವು.

ಮಹಾದೇವಿ ಮೊದಲು ಓಡಿದಳು. ಕೆಂಪು ಹೆಲ್ಮೆಟ್ಟಿನ ಒಂದು ಚೂರು ಕಾಣುತ್ತಿತ್ತು. ನಾವು ಕೈಯಿಂದ, ಕೊಡಲಿಯಿಂದ ಅಗೆದೆವು. ನಿಂತ ಮೇಲೆ ಆ ಹಿಮ ಗಾರೆಯ ಹಾಗೆ ಬಿಗಿದುಕೊಂಡಿತ್ತು. ದಂಪತಿಯ ಸಲಿಕೆಗಳಿಲ್ಲದಿದ್ದರೆ ನಮ್ಮ ಕೈಯಲ್ಲಿ ಆಗುತ್ತಿರಲಿಲ್ಲ. ಮುಖ ಬಿಡಿಸಿದಾಗ ತುಟಿ ನೀಲಿಯಾಗಿತ್ತು. ಮಹಾದೇವಿ ಅವನ ಬಾಯಿಂದ ಹಿಮ ಕೆದಕಿ ತೆಗೆದು, “ಉಸರ ಹಾಕ್ರಿ! ದಾದಾ, ಉಸರ ಹಾಕ್ರಿ!” ಎಂದು ಕೂಗಿದಳು. ಆ ಕೂಗಿಗೋ ಏನೋ, ಕೆಮ್ಮಿದ.

ಬಸು ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅತ್ತ. ನಾನು ಅಳಲಿಲ್ಲ. ನನಗೆ ಅವನ ಕೆನ್ನೆಗೆ ಹೊಡೆಯಬೇಕು ಅನ್ನಿಸಿತ್ತು.

ಆಸ್ಪತ್ರೆ

ಮೋಡ ಇಳಿದದ್ದರಿಂದ ಹೆಲಿಕಾಪ್ಟರ್ ಬರಲಾಗಲಿಲ್ಲ. ಊರವರೇ ನಡೆದು ಬಂದರು. ಒಬ್ಬ ಶಾಲಾ ಮಾಸ್ತರ, ಒಬ್ಬ ನಳ ರಿಪೇರಿಯವನು, ಬೇಕರಿಯಿಂದ ಹಿಟ್ಟಿನ ಕೈಯಲ್ಲೇ ಎದ್ದು ಬಂದ ಒಬ್ಬಾಕೆ. ಇವರೆಲ್ಲ ತಮ್ಮ ಕೆಲಸ ಬಿಟ್ಟು ಬರುವ ಸ್ವಯಂಸೇವಕರು. ಮುರಿದ ಹೆಗಲು, ಮುರಿದ ಕಾಲಿನ ದಾದಾನನ್ನು ಸ್ಟ್ರೆಚರಿಗೆ ಕಟ್ಟಿ ಬಂಡೆಗಳ ಮೇಲೆ ಹೊತ್ತರು. ಹೆಗಲು ಬದಲಿಸುವಾಗ ನಮಗೂ ಬಿಸಿ ಚಹಾ ಕೊಟ್ಟರು. ಒಬ್ಬರೂ ಬೈಯಲಿಲ್ಲ. ನಮ್ಮೂರಲ್ಲಾಗಿದ್ದರೆ ಎತ್ತಿಕೊಂಡು ಹೋಗುತ್ತಲೇ ಏಳು ತಲೆಮಾರನ್ನು ಜಾಲಾಡಿಸುತ್ತಿದ್ದರು. ಇವರ ಸೌಜನ್ಯ ಕಂಡು ನನಗೆ ಕೃತಜ್ಞತೆಯ ಜೊತೆ ಕೋಪವೂ ಬಂತು. ಯಾರಾದರೂ ಬೈಯಬೇಕಿತ್ತು.

ಐಲಿ ಆಸ್ಪತ್ರೆಗೆ ಬಂದಳು. “ರಜೆ ಬೇಕೆಂದಾಗ ನಾನು ನಿಮ್ಮೆಲ್ಲರನ್ನೂ ಕೇಳಬೇಕಿತ್ತು. ಒಬ್ಬನ ಮಾತು ನಂಬಿಬಿಟ್ಟೆ,” ಎಂದು ತನ್ನನ್ನೇ ಹಳಿದುಕೊಂಡಳು. ಅದನ್ನು ಕೇಳಿಸಿಕೊಂಡು ಹಾಸಿಗೆಯ ಮೇಲಿದ್ದ ಮನುಷ್ಯ ಕಣ್ಣು ಮುಚ್ಚಿಕೊಂಡ.

ಎರಡು ದಿನ ಕಳೆದಿರಲಿಲ್ಲ, ಬಸು ತನ್ನ ಫೋನು ತಂದು ತೋರಿಸಿದ. ದಾದಾ ಮಲಗಿದಲ್ಲಿಂದಲೇ ಹೆಲ್ಮೆಟ್ಟಿನ ವಿಡಿಯೋ ಹಾಕಿದ್ದ. ಜೊತೆಗೆ ಬರೆದಿದ್ದ: ಯಾರೂ ಊಹಿಸಲಾಗದ ಹಿಮಕುಸಿತ, ತಂಡದ ಉಳಿದವರನ್ನು ಸುರಕ್ಷಿತ ಜಾಗಕ್ಕೆ ಕಳಿಸಿ ನಾನೊಬ್ಬನೇ ದಾರಿ ಪರೀಕ್ಷಿಸುತ್ತಿದ್ದೆ, ದೇವರು ಕಾಪಾಡಿದ. ಕೆಳಗೆ ಊರಿನವರ ಹೊಗಳಿಕೆ ಸಾಲುಗಟ್ಟಿತ್ತು. ನಾನು ನೇರ ವಾರ್ಡಿಗೆ ಹೋದೆ.

“ನಮ್ಮನ್ನ ಕಳಿಸಿದವ್ರು ನೀವೇನ್ರಿ?”

“ಮ್ಯಾಡಮ್, ನನ್ನ ಸ್ಥಿತಿ ನೋಡ್ರಿ. ನನ್ನ ಹೊಟ್ಟಿಪಾಡು ಇದ. ಖರೆ ಹೇಳಿದ್ರ ನಾಳೆ ನನ್ನ ಹಿಂದ ಯಾರ್ ಬರತಾರ?”

“ಅದಕ್ಕ ಹೇಳಬೇಕಂತೀನಿ,” ಅಂದೆ. ನರ್ಸ್ ಬಂದು, ರೋಗಿಗೆ ಸ್ವಲ್ಪ ವಿಶ್ರಾಂತಿ ಸಿಕ್ಕರೆ ಒಳ್ಳೆಯದಾಗಬಹುದೇನೋ ಎಂದಳು. ಆ ಹೊತ್ತಿಗೆ ನನಗೆ ಅವರ ಭಾಷೆ ಬಂದಿತ್ತು. ಹೊರಗೆ ಬಂದೆ.

ಹೆಸರಿಲ್ಲದ ನಾಳ

ಹಾಗೆಯೇ ವಾಪಸು ಬಂದುಬಿಡುತ್ತಿದ್ದೆವು. ಮಹಾದೇವಿ ಒಪ್ಪಲಿಲ್ಲ. “ಯಾರೋ ಒಬ್ಬ ಹುಂಬತನಾ ಮಾಡಿದ್ರ ನಾವ್ಯಾಕ ಕಲೀದ ಹೋಗೂದು?” ಅಂದಳು. ಐಲಿಯನ್ನು ಕೇಳಿದೆವು. ಅವಳು, “ಈ ಸಲ ನಾಳವನ್ನು ನೀವೇ ಆರಿಸಿ,” ಎಂದಳು.

ಅಜ್ಜಿಯ ಅಡುಗೆಮನೆಯ ಮೇಜಿನ ಮೇಲೆ ನಕ್ಷೆ ಹರಡಿದಳು. ನಾನು ಒಂದರ ಮೇಲೆ ಬೆರಳಿಟ್ಟೆ. “ಇದಕ್ಕೆ ಗಾಳಿ ಯಾವ ಕಡೆಯದು?” ಎಂದಳು. ಬೆರಳು ತೆಗೆದೆ. ಮಹಾದೇವಿ ಇನ್ನೊಂದು ತೋರಿಸಿದಳು. “ಕಾಲು ಜಾರಿದರೆ ಎಲ್ಲಿ ಹೋಗಿ ನಿಲ್ಲುತ್ತೀರಿ?” ಕೆಳಗೆ ಬಂಡೆಗಳ ರಾಶಿಯಿತ್ತು. ಬಸು ಆರಿಸಿದ್ದು ಎಲ್ಲಕ್ಕಿಂತ ಗಿಡ್ಡ ನಾಳ, ಗಾಳಿಯೂ ಸರಿಯಿತ್ತು. “ಚೆನ್ನಾಗಿದೆ. ಏರಿದಿರಿ. ಈಗ ಇಳಿಯುವುದು ಹೇಗೆ?” ಎಂದಳು. ಅದರ ನೆತ್ತಿಯಿಂದ ಆಚೆಗೆ ದಾರಿಯೇ ಇರಲಿಲ್ಲ. ಬಸು ತಲೆ ಕೆರೆದುಕೊಂಡ. ಹೊಸಬರು ಸುಸ್ತಾಗಿರುವುದು ನೆತ್ತಿಯ ಮೇಲೆ, ಹಾಗಾಗಿ ಮೊದಲು ಇಳಿಯುವ ದಾರಿ ಹುಡುಕಿ, ಆಮೇಲೆ ಅದಕ್ಕೆ ಸೇರುವ ನಾಳ ಹುಡುಕಿ ಎಂದಳು ಐಲಿ. ಮೇಲೆ ಬೇರೆ ತಂಡವಿದ್ದರೆ ಅವರು ಒದ್ದ ಮಂಜುಗಡ್ಡೆ ನಿಮ್ಮ ತಲೆಗೇ ಬರುತ್ತದೆ, ಆದ್ದರಿಂದ ಜನ ಮುಗಿಬೀಳುವ ಹೆಸರಾಂತ ನಾಳ ಬೇಡ ಎಂದೂ ಹೇಳಿದಳು.

ಇಷ್ಟೇ. ಇದರಲ್ಲಿ ಗುಟ್ಟೇನೂ ಇರಲಿಲ್ಲ. ಊರಿನ ಚಹಾದಂಗಡಿಯಲ್ಲಿ ಕೂತು ನಮಗೆ ಇದನ್ನು ಹೇಳಬಹುದಿತ್ತು. ಹೇಳಬೇಕಾದವನು ಹೇಳಲಿಲ್ಲ ಅನ್ನುವುದು ಆ ಮೇಜಿನ ಮುಂದೆ ನನ್ನನ್ನು ಮತ್ತೆ ಸುಟ್ಟಿತು.

ಬಿಸಿಲು ಬಿದ್ದು ಹಿಮ ತುಸು ಕರಗಿ, ರಾತ್ರಿಯ ಚಳಿಗೆ ಮತ್ತೆ ಗಟ್ಟಿಯಾದ ಮೇಲೆ ಹೋದೆವು. ನಾವು ಆರಿಸಿದ ನಾಳಕ್ಕೆ ನಕ್ಷೆಯಲ್ಲಿ ಹೆಸರೇ ಇರಲಿಲ್ಲ. ಅಗಲವಾದದ್ದು, ಕೆಳಗೆ ಮೆತ್ತಗಿನ ಬಯಲು, ತುದಿಯಲ್ಲಿ ಸೂರಿಲ್ಲ, ಪಕ್ಕದಲ್ಲೇ ಇಳಿಯಲು ದನ ಕೂಡ ಇಳಿಯಬಹುದಾದ ದಿನ್ನೆ. ಐಲಿ ಬುಡದಲ್ಲಿ ಸಣ್ಣ ಗುಂಡಿ ತೋಡಿ ಹಿಮದ ಪದರಗಳನ್ನು ಕೈಯಿಂದ ಒತ್ತಿ ನೋಡಿ, ತಲೆಯಾಡಿಸಿದಳು. ಬೂಟಿನ ಮುಂದಿನ ಮುಳ್ಳು ಒದ್ದರೆ ಹಿಮ ಕರ್ರ್ ಎಂದು ಹಿಡಿದುಕೊಳ್ಳುತ್ತಿತ್ತು. ಒದೆ, ನಿಲ್ಲು, ಕೊಡಲಿ ಊರು, ಉಸಿರು ಬಿಡು. ಮೀನಖಂಡ ಉರಿಯಿತು. ಕೆಳಗೆ ನೋಡಿದಾಗ ಭಯವಾಯಿತು, ಆದರೆ ಅದು ಲೆಕ್ಕಕ್ಕೆ ಸಿಗುವ ಭಯ. ಬಸು ನನ್ನ ಮುಂದೆ ಐಲಿಯ ಹಗ್ಗದಲ್ಲಿ ಏದುಸಿರು ಬಿಡುತ್ತ, ಪ್ರತಿ ಹೆಜ್ಜೆಗೂ “ಬಂದೆ, ಬಂದೆ” ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದ.

ನೆತ್ತಿಯಲ್ಲಿ ಮಂಜು ಕವಿದಿತ್ತು. ಏನೂ ಕಾಣಲಿಲ್ಲ. ಒಂದು ಫೋಟೋ ಕೂಡ ಸರಿಯಾಗಿ ಬರಲಿಲ್ಲ. ಮಹಾದೇವಿ ನನ್ನನ್ನು ಅಪ್ಪಿಕೊಂಡು, “ರಜಿಯಾ, ನಾವೂ ಏರಿದ್ವಿ ಬೇ,” ಎಂದಳು. ಅವಳ ರೆಪ್ಪೆಯ ಮೇಲೆ ಹಿಮ ಕಟ್ಟಿತ್ತು. ಇಡೀ ಪ್ರವಾಸದಲ್ಲಿ ನನ್ನ ಸಿಟ್ಟು ಪೂರ್ತಿ ಮರೆತದ್ದು ಆ ಒಂದು ಗಳಿಗೆಯಲ್ಲಿ ಮಾತ್ರ.

ನಿಪ್ಪಾಣಿ

ಅಜಿತ್ ದಾದಾ ಊರಿಗೆ ಮರಳಿ, ಕೋಲೂರಿ ನಡೆಯುವಂತಾದ ಮೇಲೆ ನಿಪ್ಪಾಣಿಯಲ್ಲಿ ಅವನಿಗೊಂದು ಸತ್ಕಾರ ಇಟ್ಟರು. ಹಿಮಕುಸಿತವನ್ನು ಗೆದ್ದ ವೀರ ಎಂದು ಬ್ಯಾನರ್. ಅದರ ಪಕ್ಕದಲ್ಲೇ ಮುಂದಿನ ಚಳಿಗಾಲದ ಬ್ಯಾನರ್: ಹಿಮದ ನಾಳಗಳು, ಹೊಸಬರಿಗೆ, ಸುಲಭ. ಅದರಲ್ಲಿ ನನ್ನ ಫೋಟೋ, ಮಹಾದೇವಿಯ ಫೋಟೋ. ನಮ್ಮನ್ನು ಕೇಳಿರಲಿಲ್ಲ. ಕಾಲೇಜಿನ ಹುಡುಗಿಯರು ಅದರ ಮುಂದೆ ನಿಂತು ಓದುತ್ತಿದ್ದರು. ಅಥಣಿಯಿಂದ, ಶಿರಗುಪ್ಪಿಯಿಂದ ಕೂಡ ಬಂದಿದ್ದರು.

ಅನುಭವ ಹೇಳಿ ಎಂದು ನನ್ನನ್ನು ಕರೆದರು. ನಾನು ಮೈಕು ಹಿಡಿದು ಇಲ್ಲಿಯವರೆಗೆ ಬರೆದದ್ದನ್ನೆಲ್ಲ ಹೇಳಿದೆ. ಗಾಳಿ, ಈಶಾನ್ಯ, ಸೂರು, ಆ ಸಂಜೆಯ ಸುಳ್ಳು. ಮುಂದಿನ ಸಾಲಿನ ಒಬ್ಬ ಹಿರಿಯರು ಎದ್ದು, “ಇರಲಿ ಬಿಡ್ರಿ ಮ್ಯಾಡಮ್, ಸತ್ಕಾರದ ಹೊತ್ತಿನ್ಯಾಗ ಇದೆಲ್ಲಾ ಯಾಕ?” ಅಂದರು. ಹಿಂದಿನಿಂದ ಯಾರೋ ಹೆಣ್ಣುಮಕ್ಕಳಿಗೆ ಹೊಟ್ಟೆಕಿಚ್ಚು ಅಂದ. ಮಹಾದೇವಿ ಎದ್ದು ತಿರುಗಿದ್ದೇ ತಡ, ಅವನ ಸದ್ದಡಗಿತು. ಆಗ ಬಸು ಎದ್ದು ನಿಂತ.

“ಟೀಚರ್ ಹೇಳಿದ್ದು ಖರೆ ಐತ್ರಿ,” ಅಂದ. “ದಾದಾ ನನ್ನನ್ನ ಕಟಗೊಂಡಿದ್ರು. ನಾನು ಬ್ಯಾಡ ಅನ್ನಾಕ ಆಗದ ನಿಂತಿದ್ದೆ. ಟೀಚರ್ ಹಗ್ಗಾ ಬಿಚ್ಚಿದ್ರು. ಮುಂದ ಹಿಮ ಬಂದು ಬಿದ್ದಿದ್ದು ನಾ ನಿಂತಿದ್ದ ಜಾಗದಾಗ.”

ನಡುವಿನ ಸಾಲಿನಿಂದ ಇಳಕಲ್ ಸೀರೆಯ ಒಬ್ಬ ಹೆಂಗಸು ಎದ್ದು, ಮಗಳ ಕೈ ಹಿಡಿದುಕೊಂಡು ವೇದಿಕೆಯ ಹತ್ತಿರ ಬಂದಳು. ಮುಂದಿನ ಪ್ರವಾಸಕ್ಕೆ ಹೆಸರು ಕೊಟ್ಟಿದ್ದ ಹುಡುಗಿ ಅದು. ತಾಯಿಯ ದನಿಯಲ್ಲಿ ಜಗಳವಿರಲಿಲ್ಲ.

“ಅಣ್ಣಾರ, ಒಂದ ಮಾತು ಕೇಳ್ತೀನ್ರಿ,” ಅಂದಳು. “ಅಂಥಾ ನಾಳ ಏರೂವಾಗ ನನ್ನ ಮಗಳ್ನ ಎಲ್ಲಿ ನಿಂದರಸ್ತಿದ್ರಿ?”

ಅಜಿತ್ ದಾದಾ ಕೊರಳಿನ ಹಾರವನ್ನು ಸರಿಪಡಿಸಿಕೊಂಡ. ಅವಳನ್ನು ಸಮಾಧಾನಪಡಿಸುವ, ನಾವೆಲ್ಲ ಎಷ್ಟೋ ವರ್ಷ ಕೇಳಿ ನಂಬಿದ್ದ ಆ ಮೆತ್ತನೆಯ ದನಿಯಲ್ಲಿ ಹೇಳಿದ:

“ನನ್ನ ಹಿಂದ್ರೀ ಅಕ್ಕಾರ. ನನ್ನ ಬೆನ್ನ ಹಿಂದ, ಕೆಳಗ.”

ತಾನು ಹೇಳಿದ್ದು ಬಸು ನಿಂತಿದ್ದ ಜಾಗವನ್ನೇ ಎಂದು, ಅಂದ ಮೇಲೆ ಅವನಿಗೂ ಕೇಳಿಸಿತು. ಆ ತಾಯಿ ಬಸುವಿನ ಕಡೆ ಒಮ್ಮೆ ನೋಡಿದಳು. ಆಮೇಲೆ ಮಗಳನ್ನು ಕರೆದುಕೊಂಡು ಕುರ್ಚಿಗಳ ನಡುವಿನಿಂದ ಬಾಗಿಲ ಕಡೆಗೆ ನಡೆದಳು. ಅವಳ ಹಿಂದೆ ಇನ್ನೊಬ್ಬರು ಎದ್ದರು, ಮತ್ತೊಬ್ಬರು ಎದ್ದರು.